ದೊಡ್ಡ ವ್ಯಾಸದ ತೆಳುಗೋಡೆ ಪೈಪುಗಳ ಸ್ಟ್ರೆಸ್ ವಿಶ್ಲೇಷಣೆ: ಬೀಮ್ ಲೆಕ್ಕ ಎಲ್ಲಿಯವರೆಗೆ, ಶೆಲ್ ಲೆಕ್ಕ ಎಲ್ಲಿಂದ

ಪೈಪಿನ ಗೋಡೆಯೊಳಗೆ ಹುಟ್ಟುವ ಬಲತೀವ್ರತೆಯನ್ನು, ಅಂದರೆ ಸ್ಟ್ರೆಸ್ಸನ್ನು, ಲೆಕ್ಕ ಹಾಕುವ ಸಾಫ್ಟ್‌ವೇರ್‌ಗೆ 4 ಇಂಚಿನ ಉಗಿ ಪೈಪೂ ಒಂದೇ, 2 ಮೀಟರ್ ವ್ಯಾಸದ ಗ್ಯಾಸ್ ಮೇನ್ ಕೂಡ ಒಂದೇ. ಎರಡನ್ನೂ ಅದು ಒಂದು ಗೆರೆಯಾಗಿ, ಅಂದರೆ ಉದ್ದನೆಯ ಬೀಮ್ ಆಗಿ ಪರಿಗಣಿಸುತ್ತದೆ. ಪೈಪು ಎಷ್ಟೇ ಬಾಗಿದರೂ ಅದರ ಅಡ್ಡಛೇದ ದುಂಡಗೇ ಉಳಿಯುತ್ತದೆ ಎಂಬುದು ಈ ಬೀಮ್ ಸಿದ್ಧಾಂತದ ಬುನಾದಿ. ಗೋಡೆ ದಪ್ಪವಿರುವ ಸಣ್ಣ ಪೈಪಿನಲ್ಲಿ ಈ ಊಹೆಯಿಂದ ಹಾನಿಯೇನೂ ಇಲ್ಲ. ವ್ಯಾಸವನ್ನು ಗೋಡೆಯ ದಪ್ಪದಿಂದ ಭಾಗಿಸಿದಾಗ ಬರುವ ಅನುಪಾತ, ಅಂದರೆ ಡಿ/ಟಿ, 100ನ್ನು ದಾಟಿದ ಮೇಲೆ ಮಾತ್ರ ಊಹೆ ಮೆಲ್ಲಗೆ ಕುಸಿಯತೊಡಗುತ್ತದೆ. 200ರ ಹತ್ತಿರ ಬಂದಾಗ ಪೈಪು ತೊಲೆಯಂತೆ ಮುರಿಯುವ ಮೊದಲೇ ಹಳೆಯ ಎಣ್ಣೆ ಡಬ್ಬದಂತೆ ಎಲ್ಲೋ ಒಂದು ಕಡೆ ಚಪ್ಪಟೆಯಾಗುತ್ತದೆ. ಆದ್ದರಿಂದ ಇಂಥ ಪೈಪಿನ ವಿಶ್ಲೇಷಣೆಯಲ್ಲಿ ಪ್ರತಿ ಹಂತದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಭಾರದ ಅಡಿಯಲ್ಲಿ, ಈ ಜಾಗದಲ್ಲಿ, ಪೈಪು ದುಂಡಗೆ ಉಳಿಯುತ್ತದೆಯೇ? ಉಳಿಯದ ಕಡೆ ಅದನ್ನು ಬಾಗಬಲ್ಲ ತೆಳುಗೋಡೆಯಾಗಿ, ಅಂದರೆ ಶೆಲ್ ಆಗಿ, ಲೆಕ್ಕ ಹಾಕಬೇಕು.

ಉಕ್ಕಿನ ಕಾರ್ಖಾನೆಗಳಲ್ಲಿ ಊದುಕುಲುಮೆಯ ಗ್ಯಾಸ್ ಸಾಗಿಸುವ ಮೇನ್‌ಗಳು, ತೈಲ ಶುದ್ಧೀಕರಣಾಗಾರಗಳ ಫ್ಲೂ ಗ್ಯಾಸ್ ಲೈನ್‌ಗಳು, ಉಷ್ಣ ವಿದ್ಯುತ್ ಸ್ಥಾವರಗಳ ಕೂಲಿಂಗ್ ವಾಟರ್ ಪೈಪುಗಳು, ಟರ್ಬೈನಿನಿಂದ ಗಾಳಿ ತಂಪಿನ ಕಂಡೆನ್ಸರ್‌ಗೆ ಹೋಗುವ ನಿರ್ವಾತದ ಡಕ್ಟ್‌ಗಳು, ಜಲವಿದ್ಯುತ್ ಟರ್ಬೈನಿಗೆ ನೀರು ಇಳಿಸುವ ಪೆನ್‌ಸ್ಟಾಕ್‌ಗಳು ಇವೆಲ್ಲ ಈ ಜಾತಿಗೆ ಸೇರುತ್ತವೆ. ನಮ್ಮಲ್ಲಿ ತೋರಣಗಲ್ಲಿನಂಥ ಉಕ್ಕಿನ ಊರಿಗೆ ಹೋದವರು ರಸ್ತೆಯ ಮೇಲಿನಿಂದಲೇ ಹಾದುಹೋಗುವ ಗ್ಯಾಸ್ ಮೇನ್‌ಗಳನ್ನು ನೋಡಿರುತ್ತಾರೆ. ಚರ್ಚೆ ಗಾಳಿಯಲ್ಲಿ ತೇಲದಿರಲೆಂದು ಇಲ್ಲಿ ಒಂದೇ ಪೈಪನ್ನು ಕೊನೆಯವರೆಗೂ ಹಿಡಿದುಕೊಳ್ಳುತ್ತೇನೆ: ಸರಾಸರಿ ವ್ಯಾಸ 2000 ಮಿ.ಮೀ., ಪ್ಲೇಟ್ ಸುತ್ತಿ ಬೆಸೆದ ಕಾರ್ಬನ್ ಸ್ಟೀಲ್, ಗೋಡೆ 10 ಮಿ.ಮೀ., ಒಳ ಒತ್ತಡ 2 ಬಾರ್, ಕೂಡಿಸುವಾಗಿನ ಉಷ್ಣತೆ 30 ಡಿಗ್ರಿ, ಕೆಲಸದ ಉಷ್ಣತೆ 180 ಡಿಗ್ರಿ, ಪ್ರತಿ 12 ಮೀಟರಿಗೆ ಒಂದು ಸ್ಯಾಡಲ್, ಅಂದರೆ ಪೈಪನ್ನು ಕೆಳಗಿನಿಂದ ತಬ್ಬಿ ಹಿಡಿಯುವ ಕಮಾನಿನಂಥ ಆಸರೆ. ಡಿ/ಟಿ ಸರಿಯಾಗಿ 200. ಲೆಕ್ಕ ಸುಲಭವಾಗಲೆಂದು ಸ್ಥಿತಿಸ್ಥಾಪಕತ್ವದ ಮಾನವನ್ನು ಎಲ್ಲ ಕಡೆಯೂ 200 ಗಿಗಾಪಾಸ್ಕಲ್ ಎಂದು ಹಿಡಿದಿದ್ದೇನೆ.

ಮೊದಲು ಕಾಗದದ ಮೇಲೆ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಗೋಡೆಯ ದಪ್ಪವನ್ನು ಯಾವ ಕಾರಣ ನಿರ್ಧರಿಸಿದೆ ಎಂಬುದನ್ನು ಕಂಡುಕೊಳ್ಳಬೇಕು. 2 ಬಾರ್ ಒತ್ತಡಕ್ಕೆ ಈ ಪೈಪಿನಲ್ಲಿ ಹುಟ್ಟುವ ಸುತ್ತುಸ್ಟ್ರೆಸ್, ಅಂದರೆ ಹೂಪ್ ಸ್ಟ್ರೆಸ್, 20 ಮೆಗಾಪಾಸ್ಕಲ್ ಮಾತ್ರ. ಒತ್ತಡವೊಂದನ್ನೇ ನೋಡಿದರೆ 2 ಮಿ.ಮೀ. ತಗಡು ಸಾಕಾಗಿತ್ತು. ಸಾಗಣೆ ಮತ್ತು ಎತ್ತುವಿಕೆಯಲ್ಲಿ ಆಕಾರ ಕೆಡದಿರಲು ಇರಬೇಕಾದ ಕನಿಷ್ಠ ದಪ್ಪಕ್ಕೆ ಅಮೆರಿಕದ ಎಡಬ್ಲ್ಯುಡಬ್ಲ್ಯುಎ ಸಂಸ್ಥೆಯ ಎಂ11 ಕೈಪಿಡಿ ಒಂದು ಸರಳ ಸೂತ್ರ ಕೊಡುತ್ತದೆ: 54 ಇಂಚಿಗಿಂತ ದೊಡ್ಡ ಪೈಪುಗಳಿಗೆ, ಇಂಚಿನಲ್ಲಿರುವ ವ್ಯಾಸಕ್ಕೆ 20 ಕೂಡಿಸಿ 400ರಿಂದ ಭಾಗಿಸಬೇಕು. ನಮ್ಮ ಪೈಪಿಗೆ ಅದು ಸುಮಾರು 6.3 ಮಿ.ಮೀ. ಬರುತ್ತದೆ. ಉಳಿದ ದಪ್ಪವೆಲ್ಲ ತುಕ್ಕು, ನಿರ್ವಾತ ಮತ್ತು ಸ್ಯಾಡಲ್‌ಗಳ ಪಾಲು. ಒತ್ತಡವು ದಪ್ಪವನ್ನು ನಿರ್ಧರಿಸದ ಪೈಪಿನಲ್ಲಿ ಒತ್ತಡದ ಲೆಕ್ಕವನ್ನು ಚೊಕ್ಕಟವಾಗಿ ಮುಗಿಸಿ ಉಳಿದುದಕ್ಕೆ ಒಂದು ಪುಟ ಕೊಟ್ಟ ವರದಿಯನ್ನು ನಂಬಬಾರದು.

ತುಕ್ಕಿಗೆಂದು ಬಿಟ್ಟ ದಪ್ಪದ ವಿಷಯದಲ್ಲಿ ಒಂದು ಶಿಸ್ತು ಬೇಕು. ತೂಕ, ಉಷ್ಣ ವಿಸ್ತರಣೆಯಿಂದ ಹುಟ್ಟುವ ಬಲ ಮತ್ತು ಆಂಕರ್ (ಪೈಪನ್ನು ಅಲುಗದಂತೆ ಕಟ್ಟಿಹಾಕುವ ಜಾಗ) ಭಾರಗಳನ್ನು ಪೂರ್ಣ ದಪ್ಪಕ್ಕೆ ಲೆಕ್ಕ ಹಾಕಬೇಕು. ಸ್ಯಾಡಲ್, ನಿರ್ವಾತ ಮತ್ತು ಬಕ್ಲಿಂಗ್ (ಗೋಡೆ ಹಠಾತ್ತನೆ ಮಡಚಿ ಕುಸಿಯುವುದು) ಇವನ್ನು ಸವೆದ ದಪ್ಪಕ್ಕೆ ಪರೀಕ್ಷಿಸಬೇಕು. 10ರಲ್ಲಿ 1.5 ಮಿ.ಮೀ. ಸವೆದರೆ ಉದ್ದ ಪೈಪಿನ ನಿರ್ವಾತ ಸಹಿಸುವ ಶಕ್ತಿ ದಪ್ಪದ ಘನಕ್ಕೆ ಅನುಗುಣವಾಗಿ, ಅಂದರೆ ಶೇಕಡ 39ರಷ್ಟು ಇಳಿಯುತ್ತದೆ.

ಭಾರಗಳ ಪಟ್ಟಿ ಮಾಡುವಾಗ ಸಣ್ಣ ಪೈಪಿನ ಅಭ್ಯಾಸವನ್ನು ಬದಿಗಿಡಬೇಕು. ಈ ಪೈಪಿನ ಉಕ್ಕು ಮೀಟರಿಗೆ 493 ಕೆ.ಜಿ. ತೂಗುತ್ತದೆ, ನೀರಿನ ಪರೀಕ್ಷೆಗೆ ತುಂಬಿದಾಗ ಒಳಗಿನ ನೀರೇ ಮೀಟರಿಗೆ 3100 ಕೆ.ಜಿ. ದಾಟುತ್ತದೆ. ಗ್ಯಾಸ್ ಲೈನಿಗೆ ಜೀವಮಾನದಲ್ಲಿ ಒಮ್ಮೆ ಬರುವ ಈ ಏಳು ಪಟ್ಟು ತೂಕಕ್ಕೆ ಸಪೋರ್ಟ್, ಕಂಬ, ಬುನಾದಿ ಎಲ್ಲವನ್ನೂ ಕಟ್ಟಬೇಕೋ, ತಾತ್ಕಾಲಿಕ ಆಸರೆ ಕೊಡಬೇಕೋ, ಅಥವಾ ಸೂಕ್ತ ಸುರಕ್ಷತಾ ಕ್ರಮಗಳೊಂದಿಗೆ ಗಾಳಿಯಿಂದಲೇ ಪರೀಕ್ಷಿಸಬೇಕೋ ಎಂಬುದು ಮೊದಲ ವಾರದಲ್ಲೇ ಆಗಬೇಕಾದ ತೀರ್ಮಾನ. ಇದರ ಜೊತೆಗೆ ಅರ್ಧ ತುಂಬಿದ ಸ್ಥಿತಿಯನ್ನು ಮರೆಯಬಾರದು. ಪೂರ್ತಿ ತುಂಬಿದ ಪೈಪಿನ ಗೋಡೆಯನ್ನು ನೀರು ಸುತ್ತಲಿಂದಲೂ ಹೊರಕ್ಕೆ ಒತ್ತಿ ದುಂಡಗಿಡಲು ನೆರವಾಗುತ್ತದೆ. ಅರ್ಧ ತುಂಬಿದಾಗ ಕೆಳಭಾಗಕ್ಕೆ ಭಾರವಿದ್ದು ಮೇಲ್ಭಾಗಕ್ಕೆ ಆ ಬಿಗಿತವಿರುವುದಿಲ್ಲ, ಆದ್ದರಿಂದ ಒಟ್ಟು ತೂಕ ಕಡಿಮೆಯಾದರೂ ಗೋಡೆಯ ಬಾಗುವಿಕೆ ಹೆಚ್ಚಾಗಬಹುದು. ಊದುಕುಲುಮೆಯ ಗ್ಯಾಸಿನಲ್ಲಿ ತಳದಲ್ಲಿ ಕೂರುವ ಧೂಳು ಮತ್ತು ಕಂಡೆನ್ಸೇಟ್ ಕೂಡ ಇಂಥದೇ ಭಾರ. ಗಾಳಿಯ ಲೆಕ್ಕವನ್ನು ಭಾರತೀಯ ಮಾನದಂಡ ಐಎಸ್ 875ರ 3ನೇ ಭಾಗದಿಂದ ತೆಗೆದುಕೊಳ್ಳಬಹುದು. ಬೆಂಗಳೂರಿನ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39. ಎತ್ತರ ಮತ್ತು ನೆಲದ ಗುಣಕಗಳನ್ನು ಸೇರಿಸದೆಯೇ ಮಂಗಳೂರಿನಲ್ಲಿ ಈ ಪೈಪಿನ ಮೇಲೆ ಮೀಟರಿಗೆ ಸುಮಾರು 1.3 ಕಿಲೋನ್ಯೂಟನ್ ಅಡ್ಡಬಲ ಬೀಳುತ್ತದೆ, ಖಾಲಿ ಪೈಪಿನ ತೂಕದ ಕಾಲು ಭಾಗಕ್ಕಿಂತಲೂ ಹೆಚ್ಚು. ಪೈಪು ಪಕ್ಕಕ್ಕೆ ಸರಿಯದಂತೆ ತಡೆಯುವ ಅಡ್ಡ ಗೈಡ್‌ಗಳನ್ನು ಕಣ್ಣಂದಾಜಿನಲ್ಲಿ ಇಡುವ ಪೈಪಲ್ಲ ಇದು.

ಬೀಮ್ ಮಾದರಿ ಮತ್ತು ಬೆಂಡ್‌ಗಳ ಗುಣಕ

ಇಷ್ಟಾದ ಮೇಲೆ ಬೀಮ್ ಮಾದರಿ ಕಟ್ಟಬೇಕು. ಅದನ್ನು ಬಿಟ್ಟುಬಿಡಬೇಕೆಂದು ನಾನು ಹೇಳುತ್ತಿಲ್ಲ. ಇಡೀ ಲೈನಿನಲ್ಲಿ ಬಲಗಳು ಹೇಗೆ ಹಂಚಿಕೆಯಾಗುತ್ತವೆ, ಯಾವ ಆಂಕರಿಗೆ ಎಷ್ಟು ಭಾರ, ಯಾವ ಬೆಲ್ಲೋಸಿಗೆ (ಹಿಗ್ಗಿ ಕುಗ್ಗುವ ಸುರುಳಿಗೋಡೆಯ ಜೋಡಣೆಗೆ) ಎಷ್ಟು ಚಲನೆ ಎಂಬುದನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಅದು ಕೊಡುವ ಬಲಗಳನ್ನು ಪಡೆದುಕೊಳ್ಳಬಹುದು, ಅದು ಕೊಡುವ ಸ್ಟ್ರೆಸ್ಸುಗಳನ್ನು ಮಾತ್ರ ಪ್ರಶ್ನಿಸಬೇಕು. ಅದರಲ್ಲೂ ಬೆಂಡ್‌ಗಳಲ್ಲಿ ಬಲಗಳನ್ನೂ ಪ್ರಶ್ನಿಸಬೇಕಾಗುತ್ತದೆ.

ಎಲ್ಬೋ ಬಾಗುವಾಗ ಅದರ ಅಡ್ಡಛೇದ ಅಂಡಾಕಾರಕ್ಕೆ ತಿರುಗುತ್ತದೆ. ಇದರಿಂದ ಎಲ್ಬೋ ನೇರ ಪೈಪಿಗಿಂತ ಎಷ್ಟು ಪಟ್ಟು ಮೆತ್ತಗಾಗುತ್ತದೆ ಎಂಬುದನ್ನು ಫ್ಲೆಕ್ಸಿಬಿಲಿಟಿ ಗುಣಕವೂ, ಸ್ಟ್ರೆಸ್ ಎಷ್ಟು ಪಟ್ಟು ಏರುತ್ತದೆ ಎಂಬುದನ್ನು ಎಸ್‌ಐಎಫ್ ಎಂದು ಕರೆಯುವ ತೀವ್ರತಾ ಗುಣಕವೂ ಹೇಳುತ್ತವೆ. ಎರಡಕ್ಕೂ ಬೇಕಾದ ಮೂಲ ಸಂಖ್ಯೆ ಒಂದೇ: ಗೋಡೆಯ ದಪ್ಪವನ್ನು ಬೆಂಡಿನ ತ್ರಿಜ್ಯದಿಂದ ಗುಣಿಸಿ, ಪೈಪಿನ ಸರಾಸರಿ ತ್ರಿಜ್ಯದ ವರ್ಗದಿಂದ ಭಾಗಿಸಿದರೆ ಬರುವ ಫ್ಲೆಕ್ಸಿಬಿಲಿಟಿ ಲಕ್ಷಣ. 4 ಇಂಚಿನ ಷೆಡ್ಯೂಲ್ 40 ಲಾಂಗ್ ರೇಡಿಯಸ್ ಎಲ್ಬೋಗೆ ಇದು ಸುಮಾರು 0.31, ಮೆತ್ತಗಾಗುವ ಗುಣಕ 5.3, ಸಮತಲದೊಳಗಿನ ಎಸ್‌ಐಎಫ್ ಸುಮಾರು 2. ನಮ್ಮ 2 ಮೀಟರ್ ಪೈಪಿಗೆ 3 ಮೀಟರ್ ತ್ರಿಜ್ಯದ ಎಲ್ಬೋ ಹಾಕಿದರೆ ಲಕ್ಷಣ 0.03ಕ್ಕೆ ಇಳಿಯುತ್ತದೆ; ಗುಣಕ 55ಕ್ಕೆ, ಎಸ್‌ಐಎಫ್ 9.3ಕ್ಕೆ ಏರುತ್ತವೆ. ನೇರ ಪೈಪಿಗಿಂತ 55 ಪಟ್ಟು ಮೆತ್ತಗಿನ ಎಲ್ಬೋ ಎಂದರೆ ಬೀಮ್ ಮಾದರಿಯಲ್ಲಿ ಅದೊಂದು ಕೀಲಿನಂತೆಯೇ ವರ್ತಿಸುತ್ತದೆ. ಇದನ್ನು ನಂಬಿದ ಸಾಫ್ಟ್‌ವೇರ್ ಉಷ್ಣ ವಿಸ್ತರಣೆಯ ಬಲಗಳೆಲ್ಲ ಆ ಕೀಲಿನಲ್ಲಿ ಕರಗಿಹೋದವೆಂದು ತೋರಿಸುತ್ತದೆ, ಆಂಕರ್ ಮತ್ತು ನಾಝಲ್ (ಪೈಪು ಯಂತ್ರಕ್ಕೋ ವೆಸೆಲ್‌ಗೋ ಸೇರುವ ಬಾಯಿ) ಭಾರಗಳು ಹಗುರವಾಗಿ ಕಾಣುತ್ತವೆ.

ಈ ಗುಣಕಗಳ ಹಿಂದಿರುವ ಆಯಾಸದ ಪ್ರಯೋಗಗಳನ್ನು ಎ.ಆರ್.ಸಿ. ಮಾರ್ಕ್ಲ್ ನಡೆಸಿ 1952ರಲ್ಲಿ ಪ್ರಕಟಿಸಿದರು. ಅವು ಮುಖ್ಯವಾಗಿ 4 ಇಂಚಿನ ಪೈಪುಗಳ ಮೇಲೆ, ಅಂದರೆ ಡಿ/ಟಿ 19ರ ಆಸುಪಾಸಿನಲ್ಲಿ ನಡೆದವು. ಅಮೆರಿಕದ ಪೈಪಿಂಗ್ ಕೋಡ್ ಆದ ಎಎಸ್‌ಎಂಇ ಬಿ31.3ರ ಹಳೆಯ ಆವೃತ್ತಿಗಳ ಅನುಬಂಧ ಡಿ ಆಗಲಿ, ಈಗ ಅದರ ಸ್ಥಾನದಲ್ಲಿರುವ ಬಿ31ಜೆ ಆಗಲಿ, ಈ ಸೂತ್ರಗಳು ಡಿ/ಟಿ 100ರವರೆಗೆ ಮಾತ್ರ ಅನ್ವಯ ಎಂದು ಬಾಯಿಬಿಟ್ಟು ಹೇಳಿವೆ. ಸಾಫ್ಟ್‌ವೇರ್ ಒಂದು ಎಚ್ಚರಿಕೆಯ ಸಾಲು ತೋರಿಸಿ ಮುಂದುವರಿಯುತ್ತದೆ. ಆ ಸಾಲಿನ ಮೇಲೆ ಕ್ಲಿಕ್ ಮಾಡಿ ಮುಚ್ಚುವುದು ಎಂಜಿನಿಯರಿಂಗ್ ತೀರ್ಮಾನ ಅನ್ನಿಸಿಕೊಳ್ಳುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಗುಣಕವನ್ನು ಒಂದೇ ಬೆಲೆಯಾಗಿ ನೋಡದೆ ಒಂದು ವ್ಯಾಪ್ತಿಯಾಗಿ ನೋಡಬೇಕು. ವ್ಯಾಪ್ತಿಯ ಎರಡು ತುದಿಗಳನ್ನು ಕೋಡಿನಲ್ಲಿರುವ ಎರಡು ತಿದ್ದುಪಡಿಗಳೇ ಕೊಡುತ್ತವೆ. ಮೊದಲನೆಯದು ಒತ್ತಡದಿಂದಾಗುವ ಬಿಗಿತ. ಒಳಗಿನ ಒತ್ತಡ ಎಲ್ಬೋವನ್ನು ದುಂಡಗಿಡಲು ಹವಣಿಸುತ್ತದೆ. ಈ ಪರಿಣಾಮ ತ್ರಿಜ್ಯ ಮತ್ತು ದಪ್ಪದ ಅನುಪಾತದ ಎರಡೂಕಾಲು ಘಾತಕ್ಕಿಂತಲೂ ವೇಗವಾಗಿ ಬೆಳೆಯುವುದರಿಂದ ಸಣ್ಣ ಪೈಪಿನಲ್ಲಿ ಲೆಕ್ಕಕ್ಕೇ ಬಾರದು. ನಮ್ಮ ಪೈಪಿನಲ್ಲಾದರೆ ಕೇವಲ 2 ಬಾರ್ ಒತ್ತಡ ಮೆತ್ತಗಾಗುವ ಗುಣಕವನ್ನು 55ರಿಂದ 39ಕ್ಕೂ, ಎಸ್‌ಐಎಫ್ ಅನ್ನು 9.3ರಿಂದ 5.6ಕ್ಕೂ ಇಳಿಸುತ್ತದೆ. ಎರಡನೆಯದು ತುದಿಯ ಬಿಗಿತ. ಎಲ್ಬೋವಿನ ಒಂದು ತುದಿಗೆ ಫ್ಲಾಂಜ್ ಇದ್ದರೆ ಗುಣಕ 55ರಿಂದ ಸುಮಾರು 31ಕ್ಕೆ, ಎರಡೂ ತುದಿಗೆ ಇದ್ದರೆ 17ಕ್ಕೆ ಕುಸಿಯುತ್ತದೆ. ಬಲವಾದ ಬಿಗಿಯುಂಗುರಗಳನ್ನು ಎಲ್ಬೋ ಪಕ್ಕದಲ್ಲೇ ಬೆಸೆದಿದ್ದರೂ ವರ್ತನೆ ಬಹುಮಟ್ಟಿಗೆ ಹೀಗೆಯೇ ಇರುತ್ತದೆ, ಡ್ರಾಯಿಂಗಿನಲ್ಲಿ ಫ್ಲಾಂಜ್ ಎಂದು ಬರೆದಿರದಿದ್ದರೂ ಕೂಡ.

ಆದ್ದರಿಂದ ಲೈನನ್ನು ಕನಿಷ್ಠ ಎರಡು ಸಲ ಓಡಿಸಬೇಕು: ಒಮ್ಮೆ ತಿದ್ದುಪಡಿಗಳಿಲ್ಲದ ಮೆತ್ತಗಿನ ಎಲ್ಬೋಗಳೊಂದಿಗೆ, ಇನ್ನೊಮ್ಮೆ ಸಾಧ್ಯವಿರುವಷ್ಟು ಬಿಗಿಯಾದ ಎಲ್ಬೋಗಳೊಂದಿಗೆ. ಚಲನೆಗಳನ್ನೂ ಎಲ್ಬೋವಿನ ಸ್ಟ್ರೆಸ್ ಅನ್ನೂ ಎರಡರಲ್ಲಿ ಯಾವುದು ಹೆಚ್ಚು ತೋರಿಸುತ್ತದೋ ಅದರಿಂದ, ಆಂಕರ್, ನಾಝಲ್ ಮತ್ತು ಗೈಡ್ ಭಾರಗಳನ್ನು ಸಾಮಾನ್ಯವಾಗಿ ಬಿಗಿ ಮಾದರಿಯಿಂದ ಆರಿಸಿಕೊಳ್ಳಬೇಕು. ಒತ್ತಡದ ಬಿಗಿತದಿಂದ ಎಸ್‌ಐಎಫ್ ಇಳಿಯಿತೆಂದು ಸಂತೋಷಪಡುವ ಮುನ್ನ, ಪೈಪು ಬಿಸಿಯಾಗುವ ಹೊತ್ತಿಗೆ ಒತ್ತಡ ಇದ್ದೇ ಇರುತ್ತದೆಯೇ ಎಂದು ಪ್ಲಾಂಟ್ ನಡೆಸುವವರನ್ನು ಕೇಳುವುದು ಒಳ್ಳೆಯದು. ಹಲವು ಗ್ಯಾಸ್ ಲೈನ್‌ಗಳು ಮೊದಲು ಬಿಸಿಯಾಗಿ ಆಮೇಲೆ ಒತ್ತಡಕ್ಕೆ ಬರುತ್ತವೆ.

ಇಷ್ಟು ದೊಡ್ಡ ವ್ಯಾಸದಲ್ಲಿ ನುಣುಪಾದ ಎಲ್ಬೋ ಸಿಗುವುದು ಅಪರೂಪ. ಪ್ಲೇಟನ್ನು ತುಂಡುಗಳಾಗಿ ಓರೆ ಕತ್ತರಿಸಿ ಬೆಸೆದ ಮೈಟರ್ ಬೆಂಡೇ ರೂಢಿ. ಅದನ್ನು ನುಣುಪು ಎಲ್ಬೋ ಎಂದು ತುಂಬಿ ಬಿಡಬಾರದು. ತುಂಡುಗಳು ಹತ್ತಿರ ಹತ್ತಿರ ಇರುವ ಮೈಟರಿಗೂ ದೂರ ದೂರ ಇರುವ ಮೈಟರಿಗೂ ಕೋಡ್ ಬೇರೆ ಬೇರೆ ಸೂತ್ರ ಕೊಟ್ಟಿದೆ, ಒತ್ತಡದ ಲೆಕ್ಕವೂ ಬೇರೆಯೇ.

ಸ್ಯಾಡಲ್: ಬೀಮ್ ಲೆಕ್ಕಕ್ಕೆ ಕಾಣದ ಸ್ಟ್ರೆಸ್

ದೊಡ್ಡ ಪೈಪಿನ ವಿಶ್ಲೇಷಣೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಭಾಗ ಇದು. ನೀರು ತುಂಬಿದ ನಮ್ಮ ಪೈಪನ್ನು 12 ಮೀಟರ್ ಅಂತರದ ಸ್ಯಾಡಲ್‌ಗಳ ಮೇಲೆ ನಿರಂತರ ಬೀಮ್ ಎಂದು ಲೆಕ್ಕ ಹಾಕಿದರೆ ಬಾಗುವಿಕೆಯ ಸ್ಟ್ರೆಸ್ ಸುಮಾರು 16 ಮೆಗಾಪಾಸ್ಕಲ್ ಬರುತ್ತದೆ. ಎರಡೂ ತುದಿ ಸುಮ್ಮನೆ ಕೂತ ಒಂದೇ ಅಂಕಣವೆಂದು ಹಿಡಿದರೂ ನಡುವಿನ ಜೋಲು 1.5 ಮಿ.ಮೀ. ಮಾತ್ರ. ಈ ಎರಡು ಅಂಕಿಗಳನ್ನು ನೋಡಿದವರಿಗೆ ಅಂತರವನ್ನು 20 ಮೀಟರಿಗೆ ಏರಿಸುವ ಆಸೆ ಹುಟ್ಟುವುದು ಸಹಜ, ಏಕೆಂದರೆ ಕಂಬಗಳಿಗೆ ಹಣ ಖರ್ಚಾಗುತ್ತದೆ.

ಆದರೆ ಅದೇ ಸ್ಯಾಡಲ್ ಮೇಲೆ ಕೂರುವ ಭಾರ ಸುಮಾರು 424 ಕಿಲೋನ್ಯೂಟನ್, ಮತ್ತು ಸ್ಯಾಡಲಿನ ತುದಿ, ಅಂದರೆ ಕೊಂಬು, ಮುಗಿಯುವ ಜಾಗದಲ್ಲಿ ಪೈಪಿನ ಗೋಡೆ ಸುತ್ತಳತೆಯ ದಿಕ್ಕಿನಲ್ಲಿ ತೀವ್ರವಾಗಿ ಬಾಗುತ್ತದೆ. ಎಂ11 ಕೈಪಿಡಿಯ ಸೂತ್ರದಂತೆ ಸ್ಯಾಡಲಿನ ಭಾರವನ್ನು ದಪ್ಪದ ವರ್ಗದಿಂದ ಭಾಗಿಸಿ, ತ್ರಿಜ್ಯ ಮತ್ತು ದಪ್ಪದ ಅನುಪಾತದ ಸ್ವಾಭಾವಿಕ ಲಾಗರಿದಮ್‌ನಿಂದ ಹಾಗೂ ಸ್ಯಾಡಲ್ ಕೋನವನ್ನು ಅವಲಂಬಿಸಿದ ಗುಣಕದಿಂದ ಗುಣಿಸಬೇಕು. 120 ಡಿಗ್ರಿ ಸ್ಯಾಡಲಿಗೆ ಆ ಗುಣಕ 0.0164. ನಮ್ಮ ಅಂಕಿಗಳನ್ನು ಹಾಕಿದರೆ ಉತ್ತರ 320 ಮೆಗಾಪಾಸ್ಕಲ್. ಐಎಸ್ 2062ರ ಇ250 ಪ್ಲೇಟ್ ಇಳುವರಿಗೆ ಬರುವುದು 250ರಲ್ಲಿ. ಬೀಮ್ ಮಾದರಿ 16 ಎಂದು ಹೇಳಿದ ಅಡ್ಡಛೇದದಲ್ಲೇ ನಿಜವಾದ ಸ್ಟ್ರೆಸ್ ಅದರ 20 ಪಟ್ಟು. ಗ್ಯಾಸ್ ಮಾತ್ರ ಇದ್ದಾಗ ಇದೇ ಲೆಕ್ಕ 44 ಮೆಗಾಪಾಸ್ಕಲ್ ಕೊಡುತ್ತದೆ. ಅಂದರೆ ಈ ಪೈಪನ್ನು ಕೆಡಿಸುವುದು ವರ್ಷಗಟ್ಟಲೆ ಮಾಡುವ ಕೆಲಸವಲ್ಲ, ಒಂದು ದಿನದ ನೀರಿನ ಪರೀಕ್ಷೆ.

ಪರಿಹಾರಗಳಲ್ಲಿ ಅಗ್ಗವಾದುದು, ಪ್ರತಿ ಸ್ಯಾಡಲಿನ ಮೇಲೆ ಬರುವ ಶೆಲ್ ತುಂಡನ್ನೇ ದಪ್ಪ ಮಾಡುವುದು. ಅಲ್ಲಿ 10ರ ಬದಲು 16 ಮಿ.ಮೀ. ಪ್ಲೇಟ್ ಸುತ್ತಿದರೆ ಕೊಂಬಿನ ಸ್ಟ್ರೆಸ್ 320ರಿಂದ ಸುಮಾರು 112ಕ್ಕೆ ಇಳಿಯುತ್ತದೆ, ಏಕೆಂದರೆ ದಪ್ಪ ಇಲ್ಲಿ ವರ್ಗವಾಗಿ ಕೆಲಸ ಮಾಡುತ್ತದೆ. ಸ್ಯಾಡಲ್ ಕೋನವನ್ನು 150 ಡಿಗ್ರಿಗೆ ಏರಿಸಿದರೆ 250ರ ತನಕ ಮಾತ್ರ ಇಳಿಯುತ್ತದೆ, ಅದೊಂದೇ ಸಾಲದು. ಎರಡು ಸ್ಯಾಡಲ್ ಮೇಲೆ ಮಲಗಿದ ದೊಡ್ಡ ವೆಸೆಲ್‌ಗಳಿಗೆಂದು ಎಲ್.ಪಿ. ಝಿಕ್ 1951ರಲ್ಲಿ ಪ್ರಕಟಿಸಿದ ವಿಧಾನವನ್ನೂ ಹಲವರು ಬಳಸುತ್ತಾರೆ, ಆದರೆ ಅದು ಹಲವು ಅಂಕಣಗಳ ನಿರಂತರ ಪೈಪಿಗಾಗಿ ರೂಪಿಸಿದ್ದಲ್ಲವಾದ್ದರಿಂದ ಸಪೋರ್ಟಿನ ಭಾರ ಮತ್ತು ಮೊಮೆಂಟುಗಳನ್ನು ನಿಮ್ಮ ಬೀಮ್ ಮಾದರಿಯಿಂದಲೇ ತಂದು ಕೂರಿಸಬೇಕು.

ಭಾರ ಇನ್ನೂ ಹೆಚ್ಚಿದ್ದರೆ ಉಂಗುರದ ಸಪೋರ್ಟ್, ಅಂದರೆ ರಿಂಗ್ ಗರ್ಡರ್, ಬೇಕಾಗುತ್ತದೆ. ಪೆನ್‌ಸ್ಟಾಕ್‌ಗಳಲ್ಲಿ ರೂಢಿಯಾದ ಈ ವಿನ್ಯಾಸದ ಸಿದ್ಧಾಂತವನ್ನು ಹರ್ಮನ್ ಶೋರರ್ 1933ರಲ್ಲಿ ಮಂಡಿಸಿದರು: ಪೈಪಿನ ಸುತ್ತ ಬಿಗಿಯಾದ ಉಂಗುರ ಬೆಸೆದು, ಅದರ ಎರಡು ಪಕ್ಕಗಳಿಗೆ ಕಾಲು ಕೊಟ್ಟರೆ, ಗೋಡೆಯ ಭಾರ ಕತ್ತರಿಬಲದ ರೂಪದಲ್ಲಿ ಉಂಗುರಕ್ಕೆ ಹರಿಯುತ್ತದೆ, ಗೋಡೆ ಎಲ್ಲಿಯೂ ಸ್ಥಳೀಯವಾಗಿ ಬಾಗಬೇಕಾಗಿಲ್ಲ. ಕಾಲಿನ ಅಕ್ಷವನ್ನು ಉಂಗುರದ ಕೇಂದ್ರೀಯ ವೃತ್ತದಿಂದ ತ್ರಿಜ್ಯದ 0.04ರಷ್ಟು ಹೊರಗಿಟ್ಟರೆ ಉಂಗುರದಲ್ಲಿನ ಮೊಮೆಂಟ್ ಅತಿ ಕಡಿಮೆಯಾಗುತ್ತದೆ. 1 ಮೀಟರ್ ತ್ರಿಜ್ಯಕ್ಕೆ ಅದು 40 ಮಿ.ಮೀ.

ಸಪೋರ್ಟುಗಳ ಬಗ್ಗೆ ಇನ್ನೊಂದು ಮಾತು, ಅದು ಸೈಟಿನವರಿಗೆ ಸಂಬಂಧಿಸಿದ್ದು. ದೊಡ್ಡ ಪೈಪಿನ ಗೋಡೆ ಮೆತ್ತಗಿದ್ದರೂ ಬೀಮ್ ಆಗಿ ಅದು ಮಹಾ ಬಿಗಿ. ಎರಡು ಅಂಕಣಗಳ ನಡುವಿನ ಸಪೋರ್ಟನ್ನು ತೆಗೆದರೆ 24 ಮೀಟರ್ ಅಂಕಣದ ನಡುಮಧ್ಯದಲ್ಲಿ ಪೈಪು 1 ಮಿ.ಮೀ. ತಗ್ಗಲು ಸುಮಾರು 22 ಕಿಲೋನ್ಯೂಟನ್ ಬೇಕು. ಖಾಲಿ ಪೈಪಿನಲ್ಲಿ ಆ ಸಪೋರ್ಟಿನ ಪಾಲಿಗೆ ಬರುವುದು 60ರಿಂದ 70 ಕಿಲೋನ್ಯೂಟನ್. ಅಂದರೆ ನಡುವಿನ ಸ್ಯಾಡಲ್ 3 ಮಿ.ಮೀ. ಕೆಳಗೆ ಕೂತರೆ ಅದರ ಮೇಲೆ ಪೈಪು ಹೆಚ್ಚುಕಡಿಮೆ ತೇಲುತ್ತಿರುತ್ತದೆ, ಅದರ ಪಾಲಿನ ಭಾರವನ್ನು ಅಕ್ಕಪಕ್ಕದವು ಹೊರುತ್ತಿರುತ್ತವೆ. ಬಿಸಿಲೂ ಇದೇ ಕೆಲಸ ಮಾಡುತ್ತದೆ. ನಿರೋಧಕ ಹೊದಿಕೆಯಿಲ್ಲದ ಖಾಲಿ ಪೈಪಿನ ನೆತ್ತಿ ತಳಕ್ಕಿಂತ 30 ಡಿಗ್ರಿ ಹೆಚ್ಚು ಬಿಸಿಯಾದರೆ 24 ಮೀಟರ್ ಉದ್ದದಲ್ಲಿ ಅದು ಸುಮಾರು 13 ಮಿ.ಮೀ. ಮೇಲಕ್ಕೆ ಬಿಲ್ಲಿನಂತೆ ಬಾಗಲು ನೋಡುತ್ತದೆ. ಪೈಪಿನ ತೂಕಕ್ಕೆ ಅದನ್ನು ಅದುಮಿ ಹಿಡಿಯುವ ಶಕ್ತಿಯಿಲ್ಲ. ಮಧ್ಯಾಹ್ನ ಸಪೋರ್ಟ್ ಬಿಟ್ಟು ಎದ್ದ ಪೈಪಿನ ಕೆಳಗೆ ಶಿಮ್, ಅಂದರೆ ತೆಳು ತಗಡಿನ ತುಂಡು, ತುರುಕಿದರೆ ರಾತ್ರಿ ಅದೇ ಶಿಮ್ ಅತಿಭಾರ ಹೊರುತ್ತದೆ. ಲೆವೆಲ್ ಪರೀಕ್ಷೆ ಸೂರ್ಯ ಹುಟ್ಟುವ ಮೊದಲು ಆಗಬೇಕು ಎಂದು ಡ್ರಾಯಿಂಗಿನಲ್ಲಿಯೇ ಬರೆಯುವುದು ಅತಿ ಎಚ್ಚರವೇನೂ ಅಲ್ಲ. ಬೀಮ್ ಮಾದರಿಯಲ್ಲಿಯೂ ಯಾವುದಾದರೊಂದು ಸಪೋರ್ಟನ್ನು 3ರಿಂದ 5 ಮಿ.ಮೀ. ಇಳಿಸಿ ಒಂದು ಸಲ ಓಡಿಸಿ ನೋಡಬೇಕು.

ನಿರ್ವಾತ

ಜಪಾನಿನ ಓಯಿಗಾವಾ ವಿದ್ಯುದಾಗಾರದಲ್ಲಿ 1950ರಲ್ಲಿ ಕವಾಟವೊಂದು ಏಕಾಏಕಿ ಮುಚ್ಚಿ ಉಂಟಾದ ನೀರಿನ ಹೊಡೆತಕ್ಕೆ ಪೆನ್‌ಸ್ಟಾಕ್ ಸಿಡಿಯಿತು. ಸಿಡಿದ ಬಾಯಿಂದ ನೀರು ಹೊರನುಗ್ಗಿದಾಗ ಮೇಲಿನ ಭಾಗದಲ್ಲಿ ನಿರ್ವಾತ ಹುಟ್ಟಿ, ಸಿಡಿಯದೆ ಉಳಿದಿದ್ದ ಪೈಪು ಚಪ್ಪಟೆಯಾಗಿ ಮಲಗಿತು. ಕೆಲಸದ ಒತ್ತಡದ ಪಟ್ಟಿಯಲ್ಲಿ ನಿರ್ವಾತ ಎಂಬ ಪದ ಇಲ್ಲ ಎಂಬ ಕಾರಣಕ್ಕೆ ಈ ಲೆಕ್ಕವನ್ನು ಬಿಡುವವರು ಉಗಿ ತಣ್ಣಗಾಗುವುದನ್ನೂ, ಗಾಳಿಕಿಂಡಿ ತೆರೆಯದೆ ನೀರು ಖಾಲಿ ಮಾಡುವುದನ್ನೂ ಯೋಚಿಸಿರುವುದಿಲ್ಲ.

ಉಂಗುರಗಳಿಲ್ಲದ ಉದ್ದ ಪೈಪು ಕುಸಿಯುವ ಒತ್ತಡ ದಪ್ಪ ಮತ್ತು ವ್ಯಾಸದ ಅನುಪಾತದ ಘನವನ್ನು ಅನುಸರಿಸುತ್ತದೆ. ಉಕ್ಕಿಗೆ ಲೆಕ್ಕ ಹಾಕಿದರೆ ಡಿ/ಟಿ ಸುಮಾರು 163 ಆದಾಗ, ದೋಷವೇ ಇಲ್ಲದ ದುಂಡು ಪೈಪು ಕೂಡ ಪೂರ್ಣ ನಿರ್ವಾತಕ್ಕೆ ಸರಿಯಾಗಿ ಶರಣಾಗುತ್ತದೆ, ಯಾವ ಸುರಕ್ಷಾ ಅಂಶವೂ ಇಲ್ಲದೆ. 200 ಇರುವ ನಮ್ಮ ಪೈಪು 55 ಕಿಲೋಪಾಸ್ಕಲ್‌ಗೇ, ಅಂದರೆ ಅರ್ಧ ವಾತಾವರಣಕ್ಕಿಂತ ಸ್ವಲ್ಪ ಹೆಚ್ಚಿಗೇ ಕುಸಿಯುತ್ತದೆ. ಬಿ31.3 ಇದಕ್ಕೆ ಎಎಸ್‌ಎಂಇ ಬಾಯ್ಲರ್ ಕೋಡಿನ 8ನೇ ವಿಭಾಗದ ಯುಜಿ-28ರ ವಿಧಾನವನ್ನು ಸೂಚಿಸುತ್ತದೆ, ಅದರಲ್ಲಿ ಕುಸಿತಕ್ಕೆ ಎದುರಾಗಿ ಸುಮಾರು 3ರ ಸುರಕ್ಷಾ ಅಂಶ ಅಡಗಿದೆ. ಗೋಡೆ ದಪ್ಪ ಮಾಡುವುದು ದುಬಾರಿ. ಬಿಗಿಯುಂಗುರ ಹಾಕುವುದು ಅಗ್ಗ. ಪೂರ್ಣ ನಿರ್ವಾತವನ್ನು ಅದೇ 3ರ ಅಂಶದೊಂದಿಗೆ ತಡೆಯಲು 10 ಮಿ.ಮೀ. ಗೋಡೆಗೆ ಉಂಗುರಗಳ ಅಂತರ ಸುಮಾರು 6 ಮೀಟರ್ ಸಾಕು. ಅಂದರೆ ಪ್ರತಿ ಸ್ಯಾಡಲಿನ ಬಳಿ ಒಂದು, ಅಂಕಣದ ನಡುವೆ ಒಂದು. ಸ್ಯಾಡಲ್ ಬಳಿಯ ಉಂಗುರ ಕೊಂಬಿನ ಸ್ಟ್ರೆಸ್ಸಿಗೂ ನೆರವಾಗುವುದರಿಂದ ಎರಡೂ ಲೆಕ್ಕಗಳನ್ನು ಒಟ್ಟಿಗೆ ಮಾಡಿದವರಿಗೆ ಉಕ್ಕು ಉಳಿಯುತ್ತದೆ. ಸವೆದ ದಪ್ಪಕ್ಕೆ ಈ ಅಂತರ ಇನ್ನೂ ಕಿರಿದಾಗುತ್ತದೆ ಎಂಬುದು ನೆನಪಿರಲಿ.

ಬೆಲ್ಲೋಸ್ ಮತ್ತು ಒತ್ತಡದ ನೂಕು

60 ಮೀಟರ್ ನೇರ ಓಟ 150 ಡಿಗ್ರಿ ಏರಿಕೆಗೆ ಸುಮಾರು 108 ಮಿ.ಮೀ. ಬೆಳೆಯುತ್ತದೆ. ಸಣ್ಣ ಪೈಪಿನಲ್ಲಾದರೆ ಒಂದು ಲೂಪ್ ಹಾಕಿ ಮುಗಿಸಬಹುದು. 2 ಮೀಟರ್ ವ್ಯಾಸದ ಲೂಪಿಗೆ ಜಾಗವೂ ಇರುವುದಿಲ್ಲ, ಹಣವೂ ಇರುವುದಿಲ್ಲ. ಹಾಗಾಗಿ ಬೆಲ್ಲೋಸ್ ಬರುತ್ತದೆ, ಅದರೊಂದಿಗೆ ಒತ್ತಡದ ನೂಕು ಬರುತ್ತದೆ. ಕಟ್ಟಿಹಾಕದ ಬೆಲ್ಲೋಸ್ ಇರುವ ಲೈನಿನಲ್ಲಿ 2 ಬಾರ್ ಒತ್ತಡ 2 ಮೀಟರ್ ವ್ಯಾಸದ ಮೇಲೆ 628 ಕಿಲೋನ್ಯೂಟನ್, ಅಂದರೆ ಸುಮಾರು 64 ಟನ್ ನೂಕನ್ನು ಹುಟ್ಟಿಸುತ್ತದೆ. ಬೆಲ್ಲೋಸಿನ ಸುರುಳಿಗಳ ಸರಾಸರಿ ವ್ಯಾಸ ಪೈಪಿಗಿಂತ ದೊಡ್ಡದಾದ್ದರಿಂದ ನಿಜವಾದ ಅಂಕಿ ಇನ್ನೂ ಹೆಚ್ಚು. ಒಂದೂವರೆ ಪಟ್ಟು ಒತ್ತಡದ ನೀರಿನ ಪರೀಕ್ಷೆಯಲ್ಲಿ ಅದು 940 ದಾಟುತ್ತದೆ. ಇದನ್ನು ಆಂಕರ್ ತಡೆಯಬೇಕು, ಇಲ್ಲವೇ ಟೈ ರಾಡ್, ಹಿಂಜ್ ಅಥವಾ ಗಿಂಬಲ್ ಇರುವ ಬೆಲ್ಲೋಸ್ ತನ್ನೊಳಗೇ ತಡೆದುಕೊಳ್ಳಬೇಕು, ಮೂರನೆಯ ದಾರಿಯಿಲ್ಲ.

ಇಂಗ್ಲೆಂಡಿನ ಫ್ಲಿಕ್ಸ್‌ಬರೋ ರಾಸಾಯನಿಕ ಕಾರ್ಖಾನೆಯಲ್ಲಿ 1974ರ ಜೂನ್ 1ರಂದು ನಡೆದ ಸ್ಫೋಟ ಈ ಲೆಕ್ಕ ಮಾಡದಿದ್ದರ ಫಲ. ಬಿರುಕು ಬಿಟ್ಟ 5ನೇ ರಿಯಾಕ್ಟರನ್ನು ತೆಗೆದು 4 ಮತ್ತು 6ನೆಯದರ ನಡುವೆ 20 ಇಂಚಿನ ತಾತ್ಕಾಲಿಕ ಬೈಪಾಸ್ ಪೈಪು ಜೋಡಿಸಿದ್ದರು. ಎರಡು ತುದಿಗಳಲ್ಲೂ 28 ಇಂಚಿನ ಬೆಲ್ಲೋಸ್ ಇತ್ತು, ಎರಡು ಬಾಯಿಗಳ ಮಟ್ಟ ಬೇರೆಯಾದ್ದರಿಂದ ನಡುವಿನ ಪೈಪು ಮೈಟರ್ ಬೆಸುಗೆಯಿಂದ ಸೊಟ್ಟಗಿತ್ತು, ಮತ್ತು ಅದು ಸ್ಕಾಫೋಲ್ಡಿಂಗ್ ಮೇಲೆ ಕೂತಿತ್ತು. ಚದರ ಸೆಂಟಿಮೀಟರಿಗೆ ಸುಮಾರು 8.8 ಕೆ.ಜಿ. ಒತ್ತಡದಲ್ಲಿ ಪ್ರತಿ ಬೆಲ್ಲೋಸಿನ ನೂಕು 35 ಟನ್ನಿನಷ್ಟಾಗುತ್ತದೆ. ಎರಡು ನೂಕುಗಳು ಒಂದೇ ಗೆರೆಯಲ್ಲಿರದ ಕಾರಣ ಅವು ಪೈಪನ್ನು ತಿರುಚುವ ಜೋಡಿಬಲವಾದವು. ಆ ಬೈಪಾಸಿನ ಡ್ರಾಯಿಂಗನ್ನು ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. 28 ಮಂದಿ ಸತ್ತರು. ಬೀಮ್ ಮಾದರಿಯಲ್ಲಿ ಬೆಲ್ಲೋಸನ್ನು ಬರೀ ಸ್ಪ್ರಿಂಗ್ ಎಂದು ತುಂಬಿ, ಪರಿಣಾಮಕಾರಿ ವಿಸ್ತೀರ್ಣದ ಕಲಮನ್ನು ಸೊನ್ನೆ ಬಿಟ್ಟರೆ ಸಾಫ್ಟ್‌ವೇರಿಗೂ ಈ ನೂಕು ಕಾಣುವುದಿಲ್ಲ. ಆ ಕಲಮನ್ನು ಮೊದಲು ತೆರೆದು ನೋಡಬೇಕು.

ಸಪೋರ್ಟುಗಳಲ್ಲಿ ಘರ್ಷಣೆ ಕೂಡ ಆಂಕರಿಗೇ ಹೋಗಿ ಸೇರುತ್ತದೆ. ಉಕ್ಕಿನ ಮೇಲೆ ಉಕ್ಕಿಗೆ 0.3, ಪಿಟಿಎಫ್‌ಇ (ಟೆಫ್ಲಾನ್) ಹಾಳೆಗೆ 0.1 ಎಂದು ಹಿಡಿಯುವುದು ರೂಢಿ. ಧೂಳು ತುಂಬುವ ಪ್ಲಾಂಟಿನಲ್ಲಿ ಎರಡನೆಯ ಅಂಕಿಯನ್ನು ಹಲವು ವರ್ಷಗಳವರೆಗೆ ನೆಚ್ಚಿಕೊಳ್ಳುವುದು ಜಾಣತನವಲ್ಲ.

ಶೆಲ್ ಮಾದರಿ ಯಾವಾಗ, ಹೇಗೆ

ಡಿ/ಟಿ 100 ದಾಟಿದ ಎಲ್ಬೋಗಳು, ಮುಖ್ಯ ಪೈಪಿನ ಅರ್ಧದಷ್ಟೋ ಹೆಚ್ಚೋ ವ್ಯಾಸದ ಬ್ರಾಂಚುಗಳು, ಪೈಪಿನ ಗೋಡೆಗೇ ಬೆಸೆದ ಟ್ರನಿಯನ್ ಆಸರೆಗಳು, ವಿಚಿತ್ರ ಆಕಾರದ ಸ್ಯಾಡಲ್‌ಗಳು ಇವಕ್ಕೆ ಗೋಡೆಯನ್ನು ಸಣ್ಣ ಸಣ್ಣ ಶೆಲ್ ತುಣುಕುಗಳಾಗಿ, ಅಂದರೆ ಎಲಿಮೆಂಟುಗಳಾಗಿ, ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ಮಾದರಿ ಬೇಕು. ಅಮೆರಿಕದ ವೆಲ್ಡಿಂಗ್ ರಿಸರ್ಚ್ ಕೌನ್ಸಿಲ್‌ನ (ಡಬ್ಲ್ಯುಆರ್‌ಸಿ) 107 ಮತ್ತು 297ನೇ ಬುಲೆಟಿನ್‌ಗಳು ಸ್ಥಳೀಯ ಭಾರಗಳಿಗೆ ಉಪಯುಕ್ತವಾದರೂ ಅವಕ್ಕೂ ಜ್ಯಾಮಿತಿಯ ಮಿತಿಗಳಿವೆ, ತೆಳುಗೋಡೆಯ ದೊಡ್ಡ ಬ್ರಾಂಚು ಆ ಮಿತಿಗಳ ಹೊರಗೆ ಬೀಳುವುದು ಸಾಮಾನ್ಯ.

ಮೆಶ್, ಅಂದರೆ ಎಲಿಮೆಂಟುಗಳ ಜಾಲದ, ಗಾತ್ರವನ್ನು ನಿರ್ಧರಿಸುವ ಅಳತೆ ಎಂದರೆ ತ್ರಿಜ್ಯ ಮತ್ತು ದಪ್ಪದ ಗುಣಲಬ್ಧದ ವರ್ಗಮೂಲ. ನಮ್ಮ ಪೈಪಿಗೆ ಅದು 100 ಮಿ.ಮೀ. ಬೆಸುಗೆ, ಕೊಂಬು, ಉಂಗುರಗಳ ಬಳಿ ಎಲಿಮೆಂಟ್ ಇದರ ಅರ್ಧಕ್ಕಿಂತ ದೊಡ್ಡದಿರಬಾರದು, ಕಾಲು ಭಾಗವಿದ್ದರೆ ಇನ್ನೂ ಒಳ್ಳೆಯದು. ಮಾದರಿಯನ್ನು ಎಲ್ಲಿ ಕತ್ತರಿಸಬೇಕು ಎಂಬಲ್ಲಿ ಅನೇಕರು ಎಡವುತ್ತಾರೆ. ಸ್ಥಳೀಯ ಬಾಗುವಿಕೆ 250 ಮಿ.ಮೀ. ಆಚೆ ಸತ್ತುಹೋಗುತ್ತದೆ ಎಂಬುದು ನಿಜ. ಆದರೆ ಅಂಡಾಕಾರ ಹಾಗಲ್ಲ, ಅದು ಎಲ್ಬೋದಿಂದ ನೇರ ಪೈಪಿನೊಳಕ್ಕೆ ಹಲವು ವ್ಯಾಸಗಳಷ್ಟು ದೂರ ಸಾಗುತ್ತದೆ. ಎಲ್ಬೋ ಮುಗಿದ ಕೂಡಲೇ ಅಂಚನ್ನು ಬಿಗಿಯಾಗಿ ಕಟ್ಟಿದರೆ ಅಲ್ಲಿ ಇಲ್ಲದ ಫ್ಲಾಂಜೊಂದನ್ನು ನೀವೇ ಬೆಸೆದಂತಾಗುತ್ತದೆ, ಸ್ಟ್ರೆಸ್ ಸುಳ್ಳಾಗಿ ಕಡಿಮೆ ಬರುತ್ತದೆ. ಮುಂದಿನ ನಿಜವಾದ ಉಂಗುರದವರೆಗೆ ಮಾದರಿಯನ್ನು ಒಯ್ಯುವುದೇ ಸರಿಯಾದ ಕ್ರಮ. ಹೀಗೆ ಸಿಕ್ಕ ಎಲ್ಬೋವಿನ ನಿಜ ಬಿಗಿತವನ್ನು ಬೀಮ್ ಮಾದರಿಗೆ ಮರಳಿ ತುಂಬಿ, ಬಲಗಳನ್ನು ಹೊಸದಾಗಿ ಪಡೆದು, ಅವುಗಳನ್ನು ಶೆಲ್ ಮಾದರಿಗೆ ಮತ್ತೆ ಹಾಕಬೇಕು. ಸಾಮಾನ್ಯವಾಗಿ ಎರಡನೆಯ ಸುತ್ತಿಗೆ ಅಂಕಿಗಳು ನಿಲ್ಲುತ್ತವೆ.

ಫಲಿತಾಂಶ ಓದುವಾಗ ಬಣ್ಣದ ಚಿತ್ರದಲ್ಲಿ ಕೆಂಪಾಗಿರುವ ಒಂದು ಚುಕ್ಕೆಯನ್ನು ಅನುಮತಿಸಿದ ಸ್ಟ್ರೆಸ್ಸಿಗೆ ಹೋಲಿಸಿ ಹೆದರುವುದೂ ತಪ್ಪು, ಸಮಾಧಾನಪಡುವುದೂ ತಪ್ಪು. ಎಎಸ್‌ಎಂಇ 8ನೇ ವಿಭಾಗದ ಡಿವಿಷನ್ 2ರ 5ನೇ ಭಾಗ ಹೇಳುವಂತೆ ಗೋಡೆಯ ದಪ್ಪದುದ್ದಕ್ಕೂ ಸ್ಟ್ರೆಸ್ಸನ್ನು ಮೆಂಬ್ರೇನ್ (ದಪ್ಪದುದ್ದಕ್ಕೂ ಸಮನಾದ ಪಾಲು) ಮತ್ತು ಬಾಗುವಿಕೆ ಎಂದು ಬೇರ್ಪಡಿಸಿ, ತೂಕ ಮತ್ತು ಒತ್ತಡದಿಂದ ಹುಟ್ಟಿದ್ದನ್ನು ಪ್ರಾಥಮಿಕ ಎಂದೂ, ಉಷ್ಣ ವಿಸ್ತರಣೆಯಿಂದ ಹುಟ್ಟಿದ್ದನ್ನು ದ್ವಿತೀಯಕ ಎಂದೂ ಬೇರೆ ಬೇರೆ ಮಿತಿಗಳಿಗೆ ಒಡ್ಡಬೇಕು. ಅದಾದ ಮೇಲೂ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಸ್ಟ್ರೆಸ್ ಮಿತಿಯೊಳಗಿರುವ ತೆಳುಗೋಡೆ ಬಕ್ಲಿಂಗ್‌ನಿಂದ ಕುಸಿಯಬಲ್ಲದು. ದೋಷವಿಲ್ಲದ ಆಕಾರ ಯಾವ ಭಾರಕ್ಕೆ ಕುಸಿಯುತ್ತದೆಂದು ಹೇಳುವ ಸರಳ ಐಗನ್ ಬಕ್ಲಿಂಗ್ ವಿಶ್ಲೇಷಣೆ ಮಾಡಿದಲ್ಲಿ, ಹೊರಒತ್ತಡಕ್ಕೊಳಗಾದ ಸಿಲಿಂಡರಿಗೆ ಅದೇ ಕೋಡ್ 2ನ್ನು 0.80ರಿಂದ ಭಾಗಿಸಿದ, ಅಂದರೆ 2.5ರ ಅಂಶವನ್ನು ಕೇಳುತ್ತದೆ. ಉದ್ದದ ದಿಕ್ಕಿನ ಒತ್ತುಬಲಕ್ಕೆ ಅಂಶ ಇನ್ನೂ ದೊಡ್ಡದು, ಏಕೆಂದರೆ ಅಲ್ಲಿ ಆಕಾರದ ಸಣ್ಣ ದೋಷವೂ ಶಕ್ತಿಯನ್ನು ಬಹಳ ಕುಗ್ಗಿಸುತ್ತದೆ.

ಲೆಕ್ಕದಲ್ಲಿ ಊಹಿಸಿದ ದುಂಡು ಆಕಾರ ಸೈಟಿಗೆ ತಲುಪಬೇಕಾದರೆ ಅದನ್ನು ಡ್ರಾಯಿಂಗಿನ ಟಿಪ್ಪಣಿಯಾಗಿ ಬರೆಯಲೇಬೇಕು. ಎಎಸ್‌ಎಂಇ 8ನೇ ವಿಭಾಗದ ಯುಜಿ-80ರ ಪ್ರಕಾರ ಒಂದೇ ಅಡ್ಡಛೇದದ ಗರಿಷ್ಠ ಮತ್ತು ಕನಿಷ್ಠ ವ್ಯಾಸಗಳ ವ್ಯತ್ಯಾಸ ವ್ಯಾಸದ ಶೇಕಡ 1ನ್ನು, ನಮ್ಮ ಪೈಪಿನಲ್ಲಿ 20 ಮಿ.ಮೀ.ಯನ್ನು ಮೀರಬಾರದು; ನಿರ್ವಾತ ಬರುವ ಪೈಪಿಗೆ ಇದಲ್ಲದೆ ವೃತ್ತದಿಂದ ಸ್ಥಳೀಯವಾಗಿ ಎಷ್ಟು ಸರಿಯಬಹುದು ಎಂಬ ಪ್ರತ್ಯೇಕ ಮಿತಿಯೂ ಇದೆ. ಸಾಗಣೆಗೆಂದು ಒಳಗೆ ಬೆಸೆಯುವ ಅಡ್ಡಕಟ್ಟುಗಳನ್ನು, ಉಂಗುರಗಳ ಬೆಸುಗೆ ಮುಗಿದು ಪೈಪು ತನ್ನ ಸ್ಯಾಡಲ್ ಮೇಲೆ ಕೂತು ಅಂಡಾಕಾರದ ಅಳತೆ ದಾಖಲಾಗುವವರೆಗೆ ತೆಗೆಯಬಾರದೆಂದೂ, ತೆಗೆದ ಮೇಲೆ ಬೆಸುಗೆಯ ಗಂಟುಗಳನ್ನು ಉಜ್ಜಿ ಸಮ ಮಾಡಿ ಬಿರುಕಿದೆಯೇ ಎಂದು ನೋಡಬೇಕೆಂದೂ, ಎರಡನ್ನೂ ನೀರು ತುಂಬುವ ಮೊದಲೇ ಮುಗಿಸಬೇಕೆಂದೂ ಅದೇ ಟಿಪ್ಪಣಿಯಲ್ಲಿ ಸೇರಿಸಬೇಕು.